ಮೂರು ವಿಭಾಗಕ್ಕೆ ಒಬ್ಬಳೇ ಡಾಕ್ಟರಮ್ಮ

ಮಾನ್ಯತೆ ಕೊಡುವ ತನಿಖಾ ತಂಡ ಬರುತ್ತದೆಂದು ಗೊತ್ತಾದ ವಾರವೇ ನಮ್ಮಲ್ಲಿ ಸುಣ್ಣಬಣ್ಣ ಶುರುವಾಯಿತು. ಕಾಲೇಜು ಅಂದರೆ ನಮ್ಮ ಡೀನ್ ಒಫೊಸುಹೆನೆ ಅವರಿಗೆ ಸಿಟ್ಟು ಬರುತ್ತದೆ, ತಾಂತ್ರಿಕ ವಿಶ್ವವಿದ್ಯಾಲಯ ಅನ್ನಬೇಕು. ಗೇಟಿನ ಬೋರ್ಡು ಬದಲಾದದ್ದು ನಿಜ. ಒಳಗಿನ ಬೆಂಚು, ಲೇತ್ ಯಂತ್ರ, ಸೋರುವ ನಲ್ಲಿ ಎಲ್ಲ ಹಳೆಯ ಪಾಲಿಟೆಕ್ನಿಕ್ಕಿನವೇ. ಅವುಗಳ ಜೊತೆ ಉಳಿದುಕೊಂಡವಳು ನಾನು, ಡೋರ್ಕಾಸ್, ಡೀನ್ ಕಚೇರಿಯ ಸೆಕ್ರೆಟರಿ. ಇಂಜಿನಿಯರಿಂಗ್ ಕಟ್ಟಡಗಳಿಗೆಲ್ಲ ಸೇರಿ ಹೆಂಗಸರಿಗೆ ಒಂದೇ ಶೌಚಾಲಯ. ಅದರ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ, ಯಾಕೆಂದರೆ ಕೇಳಿಕೊಂಡು ಬರುವವರೇ ಕಡಿಮೆ. ಪಾಠ ಮಾಡುವವರಲ್ಲಿ ಹೆಂಗಸೆಂದರೆ ಅಜುವಾ ಒಬ್ಬಳೇ.

ಅಜುವಾ ಮೆಕ್ಯಾನಿಕಲ್ ವಿಭಾಗದವಳು. ಡಾಕ್ಟರೇಟ್ ಮುಗಿಸಿ ಒಂದು ವರ್ಷವಾಗಿತ್ತು. ವಾರವಾರ ಬಸ್ಸಿನಲ್ಲಿ ಕುಮಾಸಿಯ ವಿಶ್ವವಿದ್ಯಾಲಯಕ್ಕೆ ಓಡಾಡಿ, ಸಣ್ಣ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಲ್ಯಾಬಿನಲ್ಲಿ ನಿಂತು ಗಳಿಸಿದ್ದು. ಆದರೂ ಅವಳಿನ್ನೂ ಸಹಾಯಕ ಉಪನ್ಯಾಸಕಿ. ಮೇಲಿನ ಹುದ್ದೆಗೆ ಡೀನ್ ಸಹಿ ಬೇಕು, ಡೀನ್ ಪೆನ್ನಿಗೆ ಯಾವಾಗಲೂ ಬೇರೆ ಕೆಲಸ. ಡಾಕ್ಟರೇಟ್ ಇರಲಿ, ಸರಿಯಾದ ಮಾಸ್ಟರ್ಸ್ ಕೂಡ ಇಲ್ಲದ ಗಂಡಸರು ಅವಳಿಗಿಂತ ಮೇಲಿನ ಕುರ್ಚಿಯಲ್ಲಿ ಕೂತಿದ್ದರು. ಇದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು.

ಈ ಸಲದ ತನಿಖೆಯಲ್ಲಿ ಹೊಸದೊಂದು ಷರತ್ತಿತ್ತು. ಪ್ರತಿ ವಿಭಾಗದಲ್ಲೂ ಡಾಕ್ಟರೇಟ್ ಪಡೆದ ಒಬ್ಬ ಮಹಿಳೆಯಾದರೂ ಪಾಠ ಮಾಡುತ್ತಿರಬೇಕು, ಇಲ್ಲದಿದ್ದರೆ ಆ ವಿಭಾಗಕ್ಕೆ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಎಲೆಕ್ಟ್ರಿಕಲ್, ಸಿವಿಲ್, ಮೆಕ್ಯಾನಿಕಲ್ ಎಂದು ಮೂರು ವಿಭಾಗ. ಡೀನ್ ಎರಡು ದಿನ ತಲೆ ಕೆರೆದುಕೊಂಡು, ಮೂರನೆಯ ದಿನ ಅಜುವಾಳನ್ನು ಕರೆಸಿದರು. ನಾನು ಮೂಲೆಯಲ್ಲಿ ಟೈಪು ಮಾಡುತ್ತಿದ್ದೆ.

"ಕೂತ್ಕೊಳ್ಳಮ್ಮ. ನಿನಗೆ ಎಷ್ಟು ಹೆಸರು?"

"ಹೆಸರಾ ಸರ್?"

"ಸರ್ಟಿಫಿಕೇಟುಗಳಲ್ಲಿ ಇರೋವು ಹೇಳು."

ನಮ್ಮ ಹೆಂಗಸರ ಹಣೆಬರಹವೇ ಅದು. ಸೋಮವಾರ ಹುಟ್ಟಿದಳೆಂದು ಅಜುವಾ, ಅಜ್ಜಿಯ ನೆನಪಿಗೆ ಬಿರಾಗೊ. ಶಾಲೆ ಮತ್ತು ಡಿಪ್ಲೊಮಾ ಅಜುವಾ ಬಿರಾಗೊ ಹೆಸರಿನಲ್ಲಿ. ಚರ್ಚಿನಲ್ಲಿ ಇಟ್ಟದ್ದು ಅರ್ನೆಸ್ಟೀನಾ, ಅಪ್ಪನ ಮನೆತನ ಒಪಾರೆ. ಡಿಗ್ರಿಗಳೆಲ್ಲ ಅರ್ನೆಸ್ಟೀನಾ ಒಪಾರೆ. ಮದುವೆಯಾದ ಮೇಲೆ ಮಿಸೆಸ್ ಅಂಟೊಬಾಮ್. ಡಾಕ್ಟರೇಟ್ ಬಂದದ್ದು ಆ ಹೆಸರಿಗೆ. ಗಂಡಸಿಗೆ ಹುಟ್ಟಿನಿಂದ ಸಾವಿನವರೆಗೆ ಒಂದೇ ಹೆಸರಿನಲ್ಲಿ ಕೆಲಸ ನಡೆಯುತ್ತದೆ.

ಡೀನ್ ಮುಖ ಅರಳಿತು. "ಇನ್ನೇನು ಮತ್ತೆ! ಎಲೆಕ್ಟ್ರಿಕಲ್‌ನಲ್ಲಿ ಮಿಸೆಸ್ ಅಂಟೊಬಾಮ್, ಸಿವಿಲ್‌ನಲ್ಲಿ ಅಜುವಾ ಬಿರಾಗೊ, ಮೆಕ್ಯಾನಿಕಲ್‌ನಲ್ಲಿ ಒಪಾರೆ. ಇದರಲ್ಲಿ ಸುಳ್ಳು ಎಲ್ಲಿದೆ ಹೇಳು. ಮೂರೂ ನಿನ್ನವೇ."

"ಹೆಸರು ಮೂರಿದ್ರೂ ಮುಖ ಒಂದೇ ಅಲ್ವಾ ಸರ್?"

"ಅದಕ್ಕೇ ಅಲ್ವಾ ನಿಮಗೆಲ್ಲ ವಿಗ್ಗು ಅಂತ ಇರೋದು? ಒಂದು ಕಡೆ ವಿಗ್ಗು, ಒಂದು ಕಡೆ ತಲೆವಸ್ತ್ರ, ವರ್ಕ್‌ಶಾಪಲ್ಲಿ ಹೆಲ್ಮೆಟ್ಟು. ತಂಡ ಹೋಗ್ತಿದ್ದ ಹಾಗೆ ನಿನ್ನ ಬಡ್ತಿ ಕಾಗದಕ್ಕೆ ನಾನು ಸಹಿ ಹಾಕ್ತೀನಿ. ದೇವರಾಣೆ."

ನಾನೂ ಅವಳ ಹಿಂದೆಯೇ ಹೊರಗೆ ಬಂದೆ.

"ಸಿಕ್ಕಿಬಿದ್ರೆ ಡಾಕ್ಟರೇಟ್ ಕಿತ್ಕೊಳ್ತಾರೆ ಅಕ್ಕ. ಮೋಸಗಾತಿ ಅಂತ ಎಲ್ಲಾ ಕಡೆ ತಿಳಿಸಿಬಿಡ್ತಾರೆ. ಎಲ್ಲೂ ಕೆಲಸ ಸಿಗಲ್ಲ."

"ಮಾಡಲ್ಲ ಅಂತ ಹೇಳ್ಬಿಡೇ."

"ಮಾಡಲ್ಲ ಅಂದ್ರೆ ಇಲ್ಲೇ ಸಹಾಯಕಿಯಾಗಿ ಮುದುಕಿ ಆಗ್ತೀನಿ."

ಆ ವಾರವೆಲ್ಲ ಅವಳು ಸರಿಯಾಗಿ ಉಣ್ಣಲಿಲ್ಲ. ಎಲೆ ಸುತ್ತಿದ ಮೆಕ್ಕೆಜೋಳದ ಕೆಂಕೆ ಉಂಡೆಯನ್ನು ಬಿಚ್ಚಿ, ಮೀನು ಮುರಿದು, ಹಾಗೆಯೇ ಮುಚ್ಚಿಡುತ್ತಿದ್ದಳು. ಕಾಂಕ್ರೀಟಿನ ಪುಸ್ತಕ, ಟ್ರಾನ್ಸ್‌ಫಾರ್ಮರ್ ಪುಸ್ತಕ ತಂದುಕೊಂಡು ಪರೀಕ್ಷೆಗೆ ಕೂರುವ ಹುಡುಗಿಯ ಹಾಗೆ ಓದಿದಳು. "ಸಂಶೋಧನೆ ಯಾವುದರ ಮೇಲೆ ಅಂತ ಕೇಳೇ ಕೇಳ್ತಾರೆ ಅಕ್ಕ. ಸಿವಿಲ್‌ನಲ್ಲಿ ನಿಂತು ಒಲೆ ಅಂದ್ರೆ ಮುಗೀತು ಕಥೆ" ಎನ್ನುತ್ತಿದ್ದಳು. ಅವಳ ಪ್ರಬಂಧ ಒಲೆಯ ಮೇಲೆಯೇ. ಮರಗೆಣಸನ್ನು ತುರಿದು ಗರಿ ಎನ್ನುವ ರವೆ ಮಾಡಲು ಹುರಿಯುತ್ತಾರಲ್ಲ, ಆ ಹೊಗೆಯಲ್ಲಿ ಹೆಂಗಸರ ಕಣ್ಣು ಹಾಳಾಗುತ್ತದೆ. ಹೊಗೆಯನ್ನು ಹಿಂದಕ್ಕೆ ಎಳೆದು, ಅರ್ಧ ಸೌದೆಯಲ್ಲಿ ಹುರಿಯುವ ಒಲೆ ಅವಳದು. ವರ್ಕ್‌ಶಾಪಿನ ಅಂಗಳದಲ್ಲಿ ಅದನ್ನು ಅವಳೇ ಕೈಯಾರೆ ಕಟ್ಟಿದ್ದಳು.

ತಂಡದಲ್ಲಿ ಮೂವರೂ ಗಂಡಸರು. ಅಧ್ಯಕ್ಷರು ಪ್ರೊಫೆಸರ್ ಲಾರ್ಬಿ, ಬೆಳ್ಳಗಿನ ಕೂದಲಿನ ಹಿರಿಯರು, ಮೆಲುಮಾತಿನವರು. ಕೆಟ್ಟವರಾಗಿದ್ದರೆ ಬೈದುಕೊಳ್ಳಲು ನನಗೆ ಅನುಕೂಲವಾಗುತ್ತಿತ್ತು. ನಾನು ಬಟ್ಟೆಯ ಚೀಲ ಹೊತ್ತು ಹಿಂದೆಯೇ ಇದ್ದೆ. ಮರುಭೂಮಿಯಿಂದ ಬೀಸುವ ಹರ್ಮಟ್ಟಾನ್ ಗಾಳಿಯ ಧೂಳಿಗೆ ಗಂಟಲು ಒಣಗಿತ್ತು.

ಎಲೆಕ್ಟ್ರಿಕಲ್‌ನಲ್ಲಿ ಉದ್ದ ವಿಗ್ಗು, ಕಪ್ಪು ಕೋಟು. ಉಪನ್ಯಾಸಕರೆಲ್ಲ ಸಾಲಾಗಿ ನಿಂತಿದ್ದರು. ಡೀನ್ ಪರಿಚಯಿಸಿದರು: "ಡಾಕ್ಟರ್ ಮಿಸೆಸ್ ಅಂಟೊಬಾಮ್."

"ಭೇಷ್! ಮಕ್ಕಳೆಷ್ಟು ನಿಮಗೆ?" ಎಂದರು ಪ್ರೊಫೆಸರ್.

"ಇಬ್ಬರು ಸರ್."

"ಮನೆ, ಮಕ್ಕಳು, ಪಾಠ, ಎಲ್ಲಾ ಹೇಗೆ ತೂಗಿಸ್ತೀರಿ?"

"ಹೇಗೋ ಆಗುತ್ತೆ ಸರ್."

ಅವರು ತಲೆದೂಗಿ ಮುಂದೆ ಹೋದರು. ಪಕ್ಕದವನು ಡಾಕ್ಟರೇಟಿನ ವಾಸನೆಯೂ ಇಲ್ಲದ ಮನುಷ್ಯ. ಅವನನ್ನು ಕೇಳಿದರು: "ನಿಮ್ಮ ಸಂಶೋಧನೆ ಯಾವುದರ ಮೇಲೆ?" ಅವನು ಕೆಮ್ಮಿ ಕೆಮ್ಮಿ ಏನೋ ಹೇಳಿದ, ಅವರು ಬರೆದುಕೊಂಡರು.

ಶೌಚಾಲಯದಲ್ಲಿ ವಿಗ್ಗು ಕಿತ್ತು, ಕಾಬಾ ರವಿಕೆ, ಉದ್ದ ಲಂಗ ಹಾಕಿಸಿ, ತಲೆಗೆ ಹಳದಿ ವಸ್ತ್ರ ಸುತ್ತಿದೆ. ಗಂಟು ಸರಿಯಾಗಿ ಕೂರಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದೆ. "ಬೇಗ ಅಕ್ಕ, ಬೇಗ" ಎಂದು ಅವಳ ಗೋಳು. ತಂಡವನ್ನು ತಡೆಯಲು ಡೀನ್ ದಾರಿಯಲ್ಲಿ ತಂಪು ಮಾಲ್ಟ್ ಪಾನೀಯದ ಬಾಟಲಿಗಳನ್ನು ತೆರೆಸಿ ಕುಡಿಸುತ್ತಿದ್ದರು. ನಾವು ಹಿಂದಿನ ಬಾಗಿಲಿನಿಂದ ಸಿವಿಲ್ ಕಟ್ಟಡಕ್ಕೆ ನುಗ್ಗಿದೆವು.

ಅಲ್ಲಿ ಪ್ರೊಫೆಸರ್ ಅವಳ ಎದುರು ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಿಮ್ಮನ್ನ ಎಲ್ಲೋ ನೋಡಿದೀನಲ್ಲ."

ಡೀನ್ ಕೆಮ್ಮಿದರು. ಅಜುವಾ ತಲೆವಸ್ತ್ರವನ್ನು ಹಣೆಗೆ ಎಳೆದುಕೊಂಡಳು.

"ಯಾವ ಕಡೆಯವರು ನೀವು?"

"ಮಾಂಪೊಂಗ್ ಕಡೆ ಸರ್."

"ಹಾಗನ್ನಿ ಮತ್ತೆ! ನಮ್ಮ ಮನೆಯವಳ ಊರೂ ಅದೇ. ಆ ಕಡೆ ಹೆಂಗಸರೆಲ್ಲ ಒಂದೇ ಅಚ್ಚು ಕಣ್ರೀ" ಎಂದು ಅವರು ತಂಡದವರತ್ತ ತಿರುಗಿ ನಕ್ಕರು. ಎಲ್ಲರೂ ನಕ್ಕರು. ಡೀನ್ ಅಗತ್ಯಕ್ಕಿಂತ ಜೋರಾಗಿಯೇ ನಕ್ಕರು. "ಮಕ್ಕಳೆಷ್ಟು ತಾಯಿ?"

"ಇಬ್ಬರು ಸರ್."

"ಮನೆ ಕೆಲಸ, ಇದು, ಎಲ್ಲಾ ಹೇಗೆ ತೂಗಿಸ್ತೀರೋ ನಿಮಗೇ ಗೊತ್ತು."

ಕಾಂಕ್ರೀಟಿನ ಬಗ್ಗೆ ಒಂದೇ ಒಂದು ಮಾತು ಬರಲಿಲ್ಲ. ಇಡೀ ವಾರ ನಿದ್ದೆಗೆಟ್ಟು ಓದಿದ್ದು ಅವಳ ತಲೆಯಲ್ಲೇ ಉಳಿಯಿತು.

ಮೆಕ್ಯಾನಿಕಲ್‌ಗೆ ಹೋಗುವಾಗ ಅವಳ ನಡಿಗೆ ಬೇರೆಯಾಗಿತ್ತು. ಅದು ಅವಳ ಸ್ವಂತ ಮನೆ. ನೀಲಿ ಕೋಟು ತೊಟ್ಟು, ಹೆಲ್ಮೆಟ್ಟು ಹಾಕಿಕೊಂಡು ಒಲೆಯ ಪಕ್ಕದಲ್ಲಿ ನಿಂತಳು. "ಇಲ್ಲಾದ್ರೂ ಕೇಳಲಿ ಅಕ್ಕ. ಇಲ್ಲಿ ನಾನು ಏನೂ ಮುಚ್ಚಿಡಬೇಕಾಗಿಲ್ಲ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಒಲೆಯ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿ ಕಾಯುತ್ತ ನಿಂತಳು.

ತಂಡದ ಎರಡನೆಯವರು ಒಲೆಯನ್ನು ನೋಡಿ, "ಏನ್ರೀ, ಮಧ್ಯಾಹ್ನದ ಅಡುಗೆ ಇಲ್ಲೇನಾ?" ಎಂದರು.

"ಇಲ್ಲ ಸರ್, ಇದು..." ಅಜುವಾ ಬಾಯಿ ತೆರೆದಳು.

"ಜೊಲೊಫ್ ಅನ್ನ ತಣ್ಣಗಾಗ್ತಾ ಇದೆ, ಬನ್ನಿ ಬನ್ನಿ" ಎಂದರು ಡೀನ್. "ಇವರು ಡಾಕ್ಟರ್ ಒಪಾರೆ."

ಪ್ರೊಫೆಸರ್ ಲಾರ್ಬಿ ಮಕ್ಕಳೆಷ್ಟು ಎಂದು ಕೇಳಿದರು.

ಅಜುವಾ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. "ಆರು ಸರ್" ಎಂದಳು.

"ಅಬ್ಬಾ! ಹೇಗೆ ತೂಗಿಸ್ತೀರಿ?" ಎನ್ನುತ್ತ ಅವರು ಊಟದ ಕಡೆಗೆ ನಡೆದರು.

ಇನ್ನು ಗಂಡಾಂತರ ಕಳೆಯಿತು ಎಂದುಕೊಂಡು ನಾನು ಶೌಚಾಲಯದ ಬಾಗಿಲಿಗೆ ಒರಗಿ ಉಸಿರು ಬಿಟ್ಟೆ. ಅವಳು ಹೆಲ್ಮೆಟ್ಟು ತೆಗೆದು, ನಲ್ಲಿಗೆ ಮುಖವೊಡ್ಡಿ ಪೌಡರು, ಕಾಡಿಗೆ ಎಲ್ಲ ತೊಳೆದುಕೊಂಡಳು. ಕತ್ತರಿಸಿದ ಪುಟ್ಟ ಕೂದಲು, ಒದ್ದೆ ಮುಖ. ದಿನವೂ ನಾನು ನೋಡುವ ಅಜುವಾ ಅದೇ.

"ಊಟ ಆದ್ಮೇಲೆ ಸಭೆ ಇದೆಯಲ್ಲ, ಅದಕ್ಕೆ ಯಾವ ವಿಗ್ಗು ಹಾಕ್ಲಿ?" ಎಂದೆ.

"ಯಾವುದೂ ಬೇಡ. ಹೇಳಿಬಿಡ್ತೀನಿ."

"ಹುಚ್ಚು ಹಿಡಿದಿದೆಯೇನೇ? ಎಲ್ಲಾ ಮುಗೀತಲ್ಲ, ಯಾರಿಗೂ ಗೊತ್ತಾಗಿಲ್ಲ!"

"ಅದೇ ಅಕ್ಕ. ಗೊತ್ತಾಗಿಲ್ಲ. ಮೂರು ಸಲ ಎದುರು ನಿಂತೆ." ಅವಳು ಸೋರುವ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. "ಕಿತ್ಕೊಂಡ್ರೆ ಕಿತ್ಕೊಳ್ಳಲಿ. ಕಿತ್ಕೊಳ್ಳೋಕಾದ್ರೂ ನನ್ನ ಮುಖ ನೋಡ್ಬೇಕಲ್ಲ."

ನಾನು ಬೇಡಿಕೊಂಡೆ, ಬೈದೆ, ಮಕ್ಕಳ ಹೆಸರು ಹೇಳಿ ಹೆದರಿಸಿದೆ. ಅವಳು ನೀಲಿ ಕೋಟು ಕಳಚಿ, ಅದರಲ್ಲೇ ಮುಖ ಒರೆಸಿಕೊಂಡು ನಡೆದೇಬಿಟ್ಟಳು.

ಸಭೆ ಪ್ರಾರ್ಥನೆಯಿಂದ ಶುರುವಾಯಿತು. ಡೀನ್ ಕಣ್ಣು ಮುಚ್ಚಿ ದೇವರಿಗೆ ವಂದನೆ ಹೇಳುತ್ತಿದ್ದಾಗ ನಾನು ಕಣ್ಣು ಬಿಟ್ಟುಕೊಂಡು ಅಜುವಾಳನ್ನೇ ನೋಡುತ್ತಿದ್ದೆ. ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂತು ಬೆರಳು ಹಿಸುಕಿಕೊಳ್ಳುತ್ತಿದ್ದಳು. ಪ್ರೊಫೆಸರ್ ಎದ್ದು ನಿಂತು ಮೂರೂ ವಿಭಾಗಗಳಿಗೆ ಮಾನ್ಯತೆ ಕೊಡಲು ಶಿಫಾರಸು ಮಾಡುವುದಾಗಿ ಹೇಳಿದರು. ಚಪ್ಪಾಳೆ.

"ನನಗೆ ತುಂಬಾ ಖುಷಿ ಕೊಟ್ಟಿದ್ದು ಯಾವುದು ಗೊತ್ತಾ? ಇಷ್ಟು ಚಿಕ್ಕ ಸಂಸ್ಥೆಯಲ್ಲಿ ಮೂವರು ಮಹಿಳಾ ಡಾಕ್ಟರುಗಳು. ದಯವಿಟ್ಟು ಆ ಮೂವರೂ ಮುಂದೆ ಬನ್ನಿ. ಒಂದು ಫೋಟೋ ತೆಗೆಸೋಣ."

ಡೀನ್ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಸಭೆಯಲ್ಲಿ ಎಲ್ಲರೂ ತಲೆ ತಗ್ಗಿಸಿದರು. ಅಜುವಾ ಎದ್ದಳು. ಒಬ್ಬಳೇ ಸಾಲುಗಳ ನಡುವೆ ನಡೆದು ವೇದಿಕೆಯ ಮುಂದೆ ಹೋಗಿ ನಿಂತಳು.

"ಸರ್, ಆ ಮೂವರೂ ನಾನೇ" ಎಂದಳು. ಕೊನೆಯ ಸಾಲಿಗೂ ಕೇಳಿಸಿತು.

ಪ್ರೊಫೆಸರ್ ಅವಳನ್ನು ನೋಡಿದರು. ನೋಡುತ್ತಲೇ ಅವರ ಮುಖದಲ್ಲಿ ನಗು ಮೂಡಿತು. ಮೊದಲು ಅವರು ನಕ್ಕರು, ಆಮೇಲೆ ತಂಡದವರು, ಆಮೇಲೆ ಬದುಕಿದೆವೆಂದು ನಮ್ಮ ಸಭೆಯೆಲ್ಲ.

"ಚೆನ್ನಾಗಿ ಹೇಳ್ದೆ! ಒಬ್ಬೊಬ್ಬ ಹೆಂಗಸೂ ಮೂವರ ಕೆಲಸ ಮಾಡೋದು ನಿಜವೇ." ಅವರು ಕಣ್ಣೊರೆಸಿಕೊಂಡರು. "ಬೆಳಗ್ಗೆಯಿಂದ ನಿನ್ನನ್ನ ಎಲ್ಲೂ ಕಂಡ ಹಾಗಿಲ್ವಲ್ಲಮ್ಮ. ಆಫೀಸಲ್ಲಿದೀಯಾ?"

"ಹೌದು ಸರ್" ಎಂದು ಡೀನ್ ಓಡಿಬಂದು ಅವಳ ತೋಳು ಹಿಡಿದರು. "ಟೈಪಿಸ್ಟು. ಸ್ವಲ್ಪ ತಮಾಷೆ ಜಾಸ್ತಿ ಇವಳಿಗೆ. ಆ ಮೂವರು ಮೇಡಂಗಳು ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರೋಕೆ ಹೋದ್ರು."

"ಹೋಗಲಿ ಬಿಡಿ, ಪಾಪ. ತಾಯಂದಿರಲ್ವಾ."

ಟೈಪಿಸ್ಟು ನಾನು ಎಂದು ಕೂಗಬೇಕೆನಿಸಿತು. ಅಜುವಾ ಅಲ್ಲಿಯೇ ನಿಂತಿದ್ದಳು, ತಲೆ ತಗ್ಗಿಸದೆ, ಇನ್ನೊಮ್ಮೆ ನೋಡಲಿ ಎನ್ನುವ ಹಾಗೆ ಅವರ ಕಣ್ಣಿಗೆ ಕಣ್ಣಿಟ್ಟು. ಪ್ರೊಫೆಸರ್‌ಗೆ ಅವಳ ಮೇಲೆ ಮರುಕ ಬಂದಿರಬೇಕು. ಅವಳ ಹೆಗಲ ಮೇಲೆ ಕೈಯಿಟ್ಟು, ಸ್ವಂತ ಮಗಳಿಗೆ ಹೇಳುವಷ್ಟು ಪ್ರೀತಿಯಿಂದ ಹೇಳಿದರು:

"ಧೈರ್ಯ ಇದೆ ನಿನಗೆ. ಆಫೀಸಲ್ಲೇ ಉಳಿದುಬಿಡಬೇಡ. ಆ ಮೇಡಂಗಳನ್ನ ನೋಡಿ ಕಲಿ. ಓದು. ಮನಸ್ಸು ಮಾಡಿದ್ರೆ ನೀನೂ ಒಂದು ದಿನ ಡಾಕ್ಟರೇಟ್ ತಗೋಬಹುದು ಮಗಳೇ."