ಹೊಡ್ಕೊಂಡು ಹೋದ

ಕುರಿ ಕದ್ದದ್ದಕ್ಕೆ ನನ್ನ ತಮ್ಮನಿಗೆ ಆರು ತಿಂಗಳು ಸಜೆಯಾಗಿದೆ. ಅವನು ಕದ್ದಿರಲಿಲ್ಲ. ಕದ್ದನೆಂದು ಬರೆಸಿದವಳು ನಾನು.

ಅವನು ಮಿಲ್ಲಿನ ಯಜಮಾನರ ಕುರಿ ಕಾಯುತ್ತಿದ್ದ. ಅವತ್ತು ಹತ್ತಿರದಲ್ಲಿ ಹುಲ್ಲು ಸಿಗದೆ ಹಳ್ಳದಾಚೆ ಹೋಗಿದ್ದಾನೆ. ಅಲ್ಲಿ ಒಂದು ಕುರಿ ಮರಿ ಹಾಕಿದೆ. ಬಾಣಂತಿಯನ್ನು ನಡೆಸಿಕೊಂಡು ಬರಲಾಗದೆ ಪಾಳು ಕೊಟ್ಟಿಗೆಯೊಂದರಲ್ಲಿ ಉಳಿದುಬಿಟ್ಟಿದ್ದಾನೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮರುದಿನ ಬೆಳಿಗ್ಗೆಯೂ ಅವನ ಸುಳಿವಿಲ್ಲದಾಗ ಜೀವ ಬಾಯಿಗೆ ಬಂತು. ಒಲೆಯ ಮೇಲಿನ ಹಾಲು ನೋಡಿಕೋ ಎಂದು ಮಗಳಿಗೆ ಹೇಳಿ ಠಾಣೆಗೆ ಓಡಿದೆ.

"ಏನಮ್ಮ?" ಎಂದರು ದೂರು ಬರೆದುಕೊಳ್ಳುವವರು.

"ನನ್ನ ತಮ್ಮ ಸಾರ್. ನಿನ್ನೆ ಕುರಿ ಹೊಡ್ಕೊಂಡು ಹೋದ, ಇನ್ನೂ ಬಂದಿಲ್ಲ."

"ಯಾರ ಕುರಿ?"

"ಮಿಲ್ಲಿನ ಯಜಮಾನರದು."

"ಅವರಿಗೆ ಹೇಳಿ ಹೋದ್ನಾ?"

"ಅಯ್ಯೋ, ಅವನೆಲ್ಲಿ ಹೇಳ್ತಾನೆ! ಮೂಗಿನ ತುದೀಲಿ ಕೋಪ. ಹೋದ ವಾರ ಇಬ್ಬರಿಗೂ ಜಗಳ ಬೇರೆ ಆಗಿತ್ತು."

ಪೆನ್ನು ಸರಸರ ಓಡಿತು. "ಓದಿ ಹೇಳ್ಲಾ?"

"ಬೇಡ ಸಾರ್, ಹಾಲು ಉಕ್ಕುತ್ತೆ. ಎಲ್ಲಿ ಸೈನ್ ಹಾಕ್ಲಿ?"

ಮಧ್ಯಾಹ್ನ ಪೊಲೀಸರು ಅವನನ್ನು ಹಿಡಿದರು. ಮರಿಯನ್ನು ಹೆಗಲ ಮೇಲೆ ಹೊತ್ತು ಮನೆಗೆ ಬರುತ್ತಿದ್ದನಂತೆ. ಅದೇ ದಾರಿ ಸಂತೆಗೂ ಹೋಗುತ್ತದೆ. ಮಾರಲು ಹೊರಟಿದ್ದ ಎಂದರು ಯಜಮಾನರು.

ಕೋರ್ಟಿನಲ್ಲಿ ನಾನು ಎಷ್ಟೋ ಹೇಳಿದೆ. "ಹೊಡ್ಕೊಂಡು ಹೋದ ಅಂದ್ರೆ ಮೇಯಿಸೋಕೆ ಹೋದ ಅಂತ ಸ್ವಾಮಿ. ನಾವು ಹಾಗೇ ಅನ್ನೋದು."

ಸರ್ಕಾರಿ ವಕೀಲರು ನಕ್ಕರು. "ನನ್ನ ಪರ್ಸ್ ಯಾರೋ ಹೊಡ್ಕೊಂಡು ಹೋದ ಅಂದ್ರೆ? ಮೇಯಿಸೋಕಾ?"

ಇಡೀ ಕೋರ್ಟು ಗೊಳ್ಳೆಂದಿತು. ಕಟಕಟೆಯಲ್ಲಿದ್ದ ತಮ್ಮನೂ ನಕ್ಕುಬಿಟ್ಟ.

"ಬರೆದ ದೂರನ್ನ ನಿಮಗೆ ಓದಿ ಹೇಳ್ಲಿಲ್ವಾ?" ಎಂದರು ನ್ಯಾಯಾಧೀಶರು. ಇಲ್ಲ ಎಂದಷ್ಟೇ ಹೇಳಿ ಸುಮ್ಮನಿರು ಎಂದು ನಮ್ಮ ವಕೀಲರು ಕಣ್ಣಲ್ಲೇ ಬೇಡಿದರು. ನನ್ನ ಬಾಯಿಂದ ಬಂದದ್ದು ಬೇರೆ: "ಹೇಳ್ತೀನಿ ಅಂದ್ರು ಸ್ವಾಮಿ. ನಾನೇ ಬೇಡ ಅಂದೆ."

"ಮೂರು ವರ್ಷ ಹಾಕಬಹುದಿತ್ತು, ಆರೇ ತಿಂಗಳು. ಪುಣ್ಯ ಅಂದ್ಕೊಳ್ಳಿ," ಎಂದರು ಹೊರಗೆ ಬಂದಮೇಲೆ ನಮ್ಮ ವಕೀಲರು. ನಾನು ತಲೆಯಾಡಿಸಿದೆ. ಆ ಪುಣ್ಯ ಎಲ್ಲಿದೆಯೆಂದು ಈಗಲೂ ಹುಡುಕುತ್ತಿದ್ದೇನೆ.

ಮೊನ್ನೆ ಜೈಲಿಗೆ ಹೋಗಿದ್ದೆ. ತಲೆ ಬೋಳಿಸಿದ್ದಾರೆ. ಚಿಕ್ಕಂದಿನಲ್ಲಿ ನಾನು ಎಣ್ಣೆ ತಿಕ್ಕುತ್ತಿದ್ದ ತಲೆ. ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅಳಬೇಡ ಅಕ್ಕಾ," ಎಂದ ಅವನೇ. "ನೀನು ನನ್ನನ್ನ ಹುಡುಕೋಕೆ ಹೋದದ್ದು ಅಂತ ನಂಗೊತ್ತು."

ಸರಳಿನ ಹತ್ತಿರ ಬಗ್ಗಿ, "ಇನ್ನೊಂದ್ಸಲ ನಾನು ಬರೋದು ತಡವಾದ್ರೆ ದಯವಿಟ್ಟು ಹುಡುಕಬೇಡ ತಾಯಿ," ಎಂದ.

ತಮಾಷೆಗೆ ಹೇಳಿದ್ದು. ನಗಬೇಕಿತ್ತು ನಾನು.