ಹಲಗೆ ಕೂಡುವವರೆಗೆ

ಕಪ್ಪು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುನ್ವೋರ್ ಹಾಯಿದೋಣಿಯ ತಳದಿಂದ ಮೂವತ್ತೊಂದನೆಯ ಬಕೆಟ್ ನೀರನ್ನು ಎತ್ತಿ ಸಮುದ್ರಕ್ಕೆ ಚೆಲ್ಲಿದಳು. ಗಂಡನನ್ನು ಮಣ್ಣು ಮಾಡಲು ಇನ್ನು ಒಂದು ಗಂಟೆಯಷ್ಟೇ ಇತ್ತು.

“ಅಮ್ಮಾ, ನಿಂಗೇನು ತಲೆ ಕೆಟ್ಟಿದ್ಯಾ?” ಮಗಳು ಈಲ್ವಾ ಕಟ್ಟೆಯ ಮೇಲಿಂದ ಕೂಗಿದಳು. “ಊರೆಲ್ಲ ಚರ್ಚಿಗೆ ಹೊರಟಿದೆ.”

“ಹೋಗ್ಲಿ. ಇದು ಮುಳುಗಿದ್ರೆ ಊರು ಬಂದು ಎತ್ತುತ್ತಾ?”

ವೆಂಡೆಲಾ ಎಂಬ ಆ ಮರದ ದೋಣಿ ಎರಡು ಬೇಸಿಗೆ ನೀರು ಕಂಡಿರಲಿಲ್ಲ. ಗಂಡ ಹಿಲ್ಡಿಂಗ್ ಹಾಸಿಗೆ ಹಿಡಿದಿದ್ದ. ದೋಣಿ ಶೆಡ್ಡಿನಲ್ಲಿ ಒಣಗುತ್ತಿತ್ತು. ಒಣಗಿದ ಹಲಗೆಗಳು ಸಂದಿ ಬಿಡುತ್ತವೆ. ನೀರಿಗಿಳಿಸಿದ ಮೇಲೆ ಅವು ನೀರು ಕುಡಿದು, ಉಬ್ಬಿ, ಒಂದಕ್ಕೊಂದು ಕೂಡಿಕೊಳ್ಳುವವರೆಗೆ ಒಳಗೆ ಬಂದದ್ದನ್ನು ಹೊರಗೆ ಹಾಕುತ್ತಲೇ ಇರಬೇಕು. ಸಾಮಾನ್ಯವಾಗಿ ಅದು ಮೂರು ದಿನದ ಕೆಲಸ. ಇವತ್ತು ಐದನೆಯ ದಿನ. ಸಂದಿಗೆ ಹೋಗಿ ಕೂರಲಿ ಎಂದು ಗುನ್ವೋರ್ ರೂಢಿಯಂತೆ ದೋಣಿಯ ಸುತ್ತ ಮರದ ಹೊಟ್ಟು ಚೆಲ್ಲಿದ್ದಳು. ಕೈ ಸ್ವಲ್ಪ ಧಾರಾಳವಾಯಿತು. ಹೊಟ್ಟು ಒಳಗೆ ನುಗ್ಗಿ ಕರೆಂಟಿನ ಪಂಪಿನ ಗಂಟಲಿಗೆ ಸಿಕ್ಕಿಕೊಂಡಿತು. ಅಂದಿನಿಂದ ಬಕೆಟ್ಟೇ ಗತಿ.

ಆ ಊರಲ್ಲಿ ಸತ್ತವರನ್ನು ಮಣ್ಣು ಮಾಡುವುದು ಎರಡು ಮೂರು ವಾರ ಬಿಟ್ಟೇ. ಹಿಲ್ಡಿಂಗ್ ತೀರಿಕೊಂಡ ಮೇಲೆ ದೋಣಿ ಇಳಿಸಿದ ದಿನ ಆಲ್ಗೊತ್ ಬಂದು ನಿಂತಿದ್ದ. ಮೂವತ್ತು ವರ್ಷ ಹಾಯಿದೋಣಿ ಪಂದ್ಯಗಳಲ್ಲಿ ಹಿಲ್ಡಿಂಗನ ಜೊತೆಗಿದ್ದು ಮುಂದಿನ ಹಾಯಿ ಹಿಡಿದವನು. ವೆಂಡೆಲಾದ ಮೇಲೆ ಅವನ ಕಣ್ಣು ಇವತ್ತಿನದಲ್ಲ.

“ನನಗೆ ಕೊಡು, ಗುನ್ವೋರ್. ಒಳಗಿನ ಮಂಚ, ಒಲೆ ಎಲ್ಲ ಕಿತ್ತುಹಾಕಿದ್ರೆ ಈಗಲೂ ಗೆಲ್ಲುತ್ತೆ ಇದು.”

“ಮಣ್ಣು ಮಾಡೋ ದಿನ ಸಂಜೆಯೊಳಗೆ ಹಲಗೆ ಕೂಡಿಕೊಂಡ್ರೆ ನಾನೇ ಇಟ್ಕೋತೀನಿ. ಕೂಡದಿದ್ರೆ ಹಲಗೆ ಬದಲಾಯಿಸ್ಬೇಕು, ಅದು ನನ್ನ ಕೈಲಾಗೋದಲ್ಲ. ಆಗ ತಗೊಂಡ್ ಹೋಗು, ಮಂಚಾನಾದ್ರೂ ಕೀಳು, ಮನೇನಾದ್ರೂ ಕಟ್ಟು.”

ತಳದಲ್ಲಿ ಇನ್ನೂ ನೀರಿದ್ದರೂ ಈಗ ಅವಳು ಬಕೆಟ್ ಕೆಳಗಿಟ್ಟು ಲಂಗ ಬಿಟ್ಟುಕೊಂಡಳು. ಐದು ಗಂಟೆ ಕಾಲ ಯಾರೂ ಮುಟ್ಟದಿದ್ದರೆ ನೀರು ಮಂಚಕ್ಕೆ ಬರುತ್ತದೆ. ನೋಡಿಕೊಳ್ಳಿ ಎಂದು ಹೇಳೋಣವೆಂದರೆ ಬಂದರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಎಲ್ಲರೂ ಹಿಲ್ಡಿಂಗನನ್ನು ಕಳಿಸಿಕೊಡಲು ಹೋಗಿದ್ದರು.

*

ವೆಂಡೆಲಾ ಸಿಕ್ಕಿದಾಗ ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಹಿಲ್ಡಿಂಗ್ ಆಗ ಸ್ವೀಡನ್ನಿನ ಓರುಸ್ಟ್ ದ್ವೀಪದ ಅಂಚೆಯವನು. ಯಾರದೋ ತೋಟದ ಮನೆಗೆ ಕಾಗದ ಕೊಡಲು ಹೋದವನು ಸಂಜೆ ಹೆಂಡತಿಯನ್ನು ಕರೆದುಕೊಂಡು ಹೋಗಿ ತೋರಿಸಿದ. ಹೊಸ ಸೊಸೆಯನ್ನು ತೋರಿಸುವವನ ಸಂಭ್ರಮ ಅವನ ಮುಖದಲ್ಲಿತ್ತು.

ಆಮೇಲೆ ಹನ್ನೊಂದು ಚಳಿಗಾಲ ಅದರ ರಿಪೇರಿ. ತಾಮ್ರದ ಮೊಳೆ ಬಡಿಯಲು ಇಬ್ಬರು ಬೇಕು: ಹೊರಗೊಬ್ಬರು ಮೊಳೆಯ ತಲೆಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು, ಒಳಗಿನಿಂದ ಇನ್ನೊಬ್ಬರು ತುದಿಯನ್ನು ಬಡಿದು ಮಡಿಸಬೇಕು. ಹೊರಗೆ ಗುನ್ವೋರ್, ಒಳಗೆ ಹಿಲ್ಡಿಂಗ್. ಅವರ ಸಂಸಾರದ ಮಾತುಕತೆಯೆಲ್ಲ ಹೀಗೆ ಹಲಗೆಯ ಆಚೆ ಈಚೆ ನಡೆಯಿತು.

“ಮುಗಿದ ಮೇಲೆ ಎಲ್ಲಿಗೆ ಹೋಗೋಣ?” ಹಲಗೆಯ ಆಚೆಯಿಂದ ಹಿಲ್ಡಿಂಗನ ಪ್ರಶ್ನೆ.

“ಲೇಸೋ. ಡೆನ್ಮಾರ್ಕಿನ ಲೇಸೋ ದ್ವೀಪಕ್ಕೆ. ನಾವಿಬ್ಬರು, ಈಲ್ವಾ, ಅಷ್ಟೇ. ಆಲ್ಗೊತ್ ಬೇಡ.”

“ಆಯ್ತು. ಆಲ್ಗೊತ್ ಬೇಡ.”

ಅದಕ್ಕೆಂದೇ ಅವನು ಒಳಗೆ ಮಂಚ ಕಟ್ಟಿದ, ಒಲೆ ಕೂರಿಸಿದ. ಆದರೆ ಪ್ರತಿ ಜುಲೈನಲ್ಲಿ ಪಂದ್ಯ ಬರುತ್ತಿತ್ತು. ಭಾರ ಕಡಿಮೆಯಾಗಲೆಂದು ಒಲೆ, ಹಾಸಿಗೆ ಎಲ್ಲ ಹೊರಗೆ. ಅವು ಮತ್ತೆ ಒಳಗೆ ಬರುವ ಹೊತ್ತಿಗೆ ರಜೆ ಮುಗಿದಿರುತ್ತಿತ್ತು. “ಮುಂದಿನ ವರ್ಷ ಖಂಡಿತ” ಎಂದು ಹಿಲ್ಡಿಂಗ್ ಮೂವತ್ತು ವರ್ಷ ಅವಳ ಮೂಗಿಗೆ ತುಪ್ಪ ಸವರಿದ. ಅವಳಿಗೆ ಸಿಟ್ಟು ಬರುತ್ತಿತ್ತು. ಬಹುಮಾನದ ಬಟ್ಟಲು ಹಿಡಿದು ಬಿಸಿಲಿಗೆ ಸುಟ್ಟ ಮೂಗಿನೊಡನೆ ಅವನು ಬಾಗಿಲಲ್ಲಿ ನಿಂತಾಗ ಆ ಸಿಟ್ಟು ಎಲ್ಲಿ ಹೋಗುತ್ತಿತ್ತೋ, ಅವಳಿಗೇ ಗೊತ್ತಿಲ್ಲ.

*

ಚರ್ಚಿನಲ್ಲಿ ಒಬ್ಬೊಬ್ಬರೇ ಹೋಗಿ ಪೆಟ್ಟಿಗೆಯ ಮೇಲೆ ಒಂದೊಂದು ಹೂವಿಟ್ಟು ತಲೆಬಾಗಿ ಬಂದರು. ಎರಡನೆಯ ಸಾಲಿನಲ್ಲಿ ಆಲ್ಗೊತ್‌ನ ಜಾಗ ಖಾಲಿ ಇತ್ತು.

“ನೋಡಿದ್ಯಾ?” ಈಲ್ವಾ ಪಿಸುಗುಟ್ಟಿದಳು. “ಮಣ್ಣಿಗೂ ಬರಲಿಲ್ಲ ನಿನ್ನ ಆಲ್ಗೊತ್. ದೋಣಿ ಮುಳುಗೋದನ್ನ ನೋಡ್ತಾ ಕಟ್ಟೆ ಮೇಲೆ ಕೂತಿರ್ತಾನೆ.”

ಗುನ್ವೋರ್‌ಗೂ ಹಾಗೇ ಅನ್ನಿಸಿತ್ತು. ಪೆಟ್ಟಿಗೆ ಮಣ್ಣಿಗಿಳಿಯುವಾಗಲೂ ಅವಳ ಕಿವಿಯಲ್ಲಿ ನೀರೇ ತುಂಬಿಕೊಳ್ಳುತ್ತಿತ್ತು.

ಆಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಕಾಫಿ, ಮೇಲೆ ಸೀಗಡಿ ಜೋಡಿಸಿದ ಬ್ರೆಡ್ಡಿನ ಕೇಕು. ಪಕ್ಕದ ಮನೆಯ ಸೋಲ್ವೆಯ್ ಎಲ್ಲರನ್ನೂ ನಗಿಸುತ್ತಿದ್ದಳು. “ಹಿಲ್ಡಿಂಗ್ ಕಾಗದ ತಂದುಕೊಟ್ರೆ ಲಕೋಟೆಯಿಂದ ಮೊದಲು ಮರದ ಪುಡಿ ಉದುರ್ತಿತ್ತು. ನನ್ನ ಗಂಡ ಬರೆದ ಪ್ರೇಮಪತ್ರಕ್ಕೂ ವಾರ್ನಿಷ್ ವಾಸನೆ!”

ಗುನ್ವೋರ್ ಕೂಡ ನಕ್ಕಳು. ನಗುತ್ತಲೇ ಎದ್ದು ಕೋಟು ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಬಿದ್ದಳು.

*

ವೆಂಡೆಲಾ ನೀರಿನ ಮೇಲೆ ನೆಟ್ಟಗೆ ನಿಂತಿತ್ತು. ಒಳಗೆ ಆಲ್ಗೊತ್ ಕೂತಿದ್ದ. ಕಪ್ಪು ಸೂಟಿನ ಷರಾಯಿ ಮೊಣಕಾಲವರೆಗೆ ಒದ್ದೆ. ಕೊರಳಲ್ಲಿ ಬಿಳಿ ಟೈ. ಸತ್ತವನ ಮನೆಯವರು ಮಾತ್ರ ಕಟ್ಟುವಂಥದು. ಪಕ್ಕದಲ್ಲಿ ಅವನದೇ ದೋಣಿಯಿಂದ ತಂದ ಕೈಪಂಪು.

“ಚರ್ಚಿಗೆ ಯಾಕೆ ಬರ್ಲಿಲ್ಲ?”

“ಬರ್ತಾ ಇದ್ದೆ. ದಾರೀಲಿ ಇಣುಕಿ ನೋಡಿದೆ. ನೆಲದ ಹಲಗೆ ಆಗಲೇ ತೇಲ್ತಿತ್ತು. ಹಾಗೇ ಬಿಟ್ಟು ಬಂದು ಅವನ ಮುಂದೆ ಹೇಗೆ ತಲೆ ಬಾಗಿಸ್ಲಿ?”

“ಬಿಟ್ಟಿದ್ರೆ ದೋಣಿ ನಿನ್ದೇ ಆಗ್ತಿತ್ತಲ್ಲೋ.”

“ಹೂಂ. ಅದೂ ಹೊಳೀತು. ಹೊಳೀಲಿಲ್ಲ ಅಂತ ಸುಳ್ಳು ಹೇಳಲ್ಲ.” ಆಲ್ಗೊತ್ ಅಂಗೈ ಒರೆಸಿಕೊಂಡ, ಎರಡೂ ಕೈಯಲ್ಲಿ ಬೊಬ್ಬೆ ಎದ್ದಿತ್ತು. “ಒಂದು ಗಂಟೆಯಿಂದ ಹನಿ ಬಂದಿಲ್ಲ, ಗುನ್ವೋರ್. ಕೂಡ್ಕೊಂಡಿದೆ. ನೀನೇ ಇಟ್ಕೋ.”

ಅವಳು ಬಗ್ಗಿ ನೆಲದ ಹಲಗೆ ಎತ್ತಿದಳು. ಕೈಯಿಟ್ಟು ಸವರಿದಳು. ತಳ ಒಣಗಿತ್ತು. ಐದು ದಿನ, ಮೂರು ಗಂಟೆಗೊಮ್ಮೆ, ನೀರೆತ್ತಲು ಬಾ ಎಂದು ಅವಳನ್ನು ಯಾರೋ ಕರೆಯುತ್ತಲೇ ಇದ್ದರು. ಈಗ ಯಾರೂ ಕರೆಯುತ್ತಿರಲಿಲ್ಲ. ದೋಣಿ ಉಳಿಯಿತು. ಮಂಚ ಇತ್ತು, ಒಲೆ ಇತ್ತು, ಲೇಸೋ ಇದ್ದಲ್ಲೇ ಇತ್ತು. ಹಿಲ್ಡಿಂಗ್ ಬೇಕಾಗಿತ್ತು ಅವಳಿಗೆ. ಮುಂದಿನ ವರ್ಷ ಖಂಡಿತ ಎಂದು ಇನ್ನೊಂದು ಸಲ ಸುಳ್ಳು ಹೇಳಲಾದರೂ ಬೇಕಾಗಿತ್ತು.

ಅವಳು ಮಂಡಿಯೂರಿ ಕೈಪಂಪು ಎಳೆದುಕೊಂಡು ಒತ್ತತೊಡಗಿದಳು. ಬರಿಯ ಗಾಳಿ ಬುಸುಗುಟ್ಟಿತು. ಅವಳು ನಿಲ್ಲಿಸಲಿಲ್ಲ. ಕೂದಲು ಬಿಚ್ಚಿ ಮುಖಕ್ಕೆ ಬಿತ್ತು, ಅಳು ಗಂಟಲು ಬಿಟ್ಟು ಹೊರಗೆ ಬಂತು. ಆಗಲೂ ಒತ್ತುತ್ತಲೇ ಇದ್ದಳು.

ಆಲ್ಗೊತ್ ಸಾಕು ಎನ್ನಲಿಲ್ಲ. ಎದ್ದು ಹೋಗಿ ಕೊಳವೆಯ ತುದಿಯನ್ನು ದೋಣಿಯಂಚಿನ ಆಚೆಗೆ ಚಾಚಿ, ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ, ನೀರು ಬರುತ್ತಿದೆಯೇನೋ ಎಂಬಂತೆ.