ಬಾಂಗ್ ಆಗಲಿ, ಏಳುತ್ತೇವೆ

ಕೂತ ಕುಡುಕನನ್ನು ಎಬ್ಬಿಸುವುದೂ ಮಲಗಿದ ಕೋಣವನ್ನು ಎಬ್ಬಿಸುವುದೂ ಒಂದೇ. ಆದರೆ ಹುಮನಾಬಾದಿನ ಶೇವಂತಾಬಾಯಿಗೆ ಆ ಕಷ್ಟವೇ ಗೊತ್ತಿರಲಿಲ್ಲ. ಅವಳ ಸೇಂದಿ ಅಂಗಡಿ ಇದ್ದದ್ದು ಮಸೀದಿ ಓಣಿಯ ಬಾಯಲ್ಲಿ. ನಮಾಜಿಗೆ ಹೋಗುವವರಿಗೆ ತೂರಾಡುವವರು ಅಡ್ಡ ಬರಬಾರದೆಂದು, ಸಂಜೆಯ ಬಾಂಗ್ ಕೇಳಿದೊಡನೆ ಅಂಗಡಿ ಮುಚ್ಚುವುದು ಮಾವನ ಕಾಲದಿಂದ ಬಂದ ರೂಢಿ. ಮಸೀದಿಯ ಮುದುಕ ಜಲಾಲುದ್ದೀನ್ ಬಾಂಗ್ ಕೊಟ್ಟನೆಂದರೆ ಸಾಕು, ಎಂಥ ಗಟ್ಟಿ ಕುಡುಕನೂ ಕುಡಿಕೆ ಕೆಳಗಿಟ್ಟು ಧೋತರ ಝಾಡಿಸಿಕೊಂಡು ಏಳುತ್ತಿದ್ದ.

ಪೊಲೀಸ್ ಆಕ್ಷನ್ ಆಯಿತು, ನಿಜಾಮನ ಆಳ್ವಿಕೆ ಹೋಯಿತು. ನಿಜಾಮನ ಪರ ದಂಗೆಯೆಬ್ಬಿಸಿದ್ದ ರಜಾಕಾರರು ಮಾಡಿದ ಪಾಪಕ್ಕೆ ಏನೂ ಅರಿಯದ ಮುಸಲ್ಮಾನರು ಪೆಟ್ಟು ತಿಂದರು. ಆ ಭಯಕ್ಕೆ ಜಲಾಲುದ್ದೀನನ ಬಾಯಿಗೆ ಬೀಗ ಬಿತ್ತು, ಬಾಂಗ್ ನಿಂತಿತು. ಇತ್ತ ಕುಡುಕರಿಗೋ ಹಬ್ಬ. "ಹೊತ್ತು ಮುಳುಗ್ಯಾದ, ಏಳ್ರಪಾ" ಎಂದರೆ, "ಬಾಂಗ್ ಆಗ್ಲಿ ಅಕ್ಕಾ, ಏಳ್ತೀವಿ" ಎನ್ನುತ್ತಿದ್ದರು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಸ ಅಬಕಾರಿ ಸಾಹೇಬ ಬಂದ.

"ಹೊತ್ತು ಮುಳುಗಿದ ಮ್ಯಾಲ ಅಂಗಡಿ ಯಾಕ ತೆರದೀ?"

"ಇನ್ನಾ ಬಾಂಗ್ ಆಗಿಲ್ರಿ ಸಾಹೇಬ್ರ" ಎಂದುಬಿಟ್ಟಳು ಶೇವಂತಾಬಾಯಿ. ರೂಢಿಯ ಮಾತು, ಬಾಯಿಗೆ ಬಂತು. ಇವಳು ತನ್ನನ್ನು ಚೇಷ್ಟೆ ಮಾಡುತ್ತಿದ್ದಾಳೆಂದು ಅವನಿಗೆ ಸಿಟ್ಟು ನೆತ್ತಿಗೇರಿತು. ನಾಳೆ ಒಬ್ಬ ಕೂತಿದ್ದರೂ ಲೈಸನ್ಸ್ ರದ್ದು ಎಂದು ಹೇಳಿ ಹೋದ. ಗಂಡ ಸತ್ತವಳು, ಅಂಗಡಿಯೂ ಹೋದರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ.

ಬೆಳಿಗ್ಗೆ ಎದ್ದವಳೇ ಜಲಾಲುದ್ದೀನನ ಮನೆಗೆ ಹೋದಳು. "ಚಾಚಾ, ಇವತ್ತೊಂದಿನ ಬಾಂಗ್ ಕೊಡ್ರಿ. ನನ್ ಮಾತು ಯಾರೂ ಕೇಳವಲ್ರು."

"ನನ್ನ ಆವಾಜ್ ಕೇಳಿದ್ರ ಕಲ್ಲು ಬೀಳ್ತಾವ ಬೇಟಿ" ಎಂದ ಮುದುಕ. ಯಾಕಾದರೂ ಕೇಳಿದೆನೋ ಎಂದುಕೊಂಡು ಅವಳು ತಿರುಗಿ ಬಂದಳು.

ಸಂಜೆ ಹೊತ್ತು ಮುಳುಗಿತು. ಶೇವಂತಾಬಾಯಿ ಕೈ ಮುಗಿದಳು, ಬೈದಳು, ಅತ್ತಳು. ಯಾರೂ ಮಿಸುಕಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಜಲಾಲುದ್ದೀನ್ ನಿಂತಿದ್ದ. ಜನ್ಮದಲ್ಲಿ ಆ ಹೊಸ್ತಿಲ ಹತ್ತಿರ ಸುಳಿದವನಲ್ಲ. ಅವಳು ಗಾಬರಿಯಿಂದ ಮೂಲೆಯತ್ತ ನೋಡಿದಳು. ಅಲ್ಲಿ ಕಾಶಿರಾಮ ಕೂತಿದ್ದ. ಅವನ ಮನೆಯನ್ನು ರಜಾಕಾರರು ಸುಟ್ಟಿದ್ದರು.

"ಹೊತ್ತಾಗ್ಯಾದ. ಏಳ್ರಿ ಬೇಟಾ" ಎಂದ ಮುದುಕ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

ಕಾಶಿರಾಮ ಎದ್ದು ನಿಂತ. "ಹಿಂಗ ಮೆಲ್ಲಕ ಅಂದ್ರ ನಾವ್ ಏಳಂಗಿಲ್ಲ ಚಾಚಾ. ಮಸೂತಿಗಿ ಹೋಗಿ ಜೋರ್ ಕೊಡ್ರಿ. ಬಾಗಿಲಾಗ ನಾ ನಿಂದರ್ತೀನಿ. ಯಾವ ಮಗ ಕಲ್ಲು ಒಗಿತಾನ ನೋಡ್ತೀನಿ."

ಅವನು ಮುದುಕನ ತೋಳು ಹಿಡಿದ. ಯಾರು ಯಾರನ್ನು ನಡೆಸುತ್ತಿದ್ದರೋ ಹೇಳುವುದು ಕಷ್ಟ. ಉಳಿದವರೂ ಹಿಂದೆ ಹೋದರು.

ಸಾಹೇಬ ಬಂದಾಗ ಅಂಗಡಿ ಖಾಲಿ.

"ಎಲ್ಲಿ ಹೋದ್ರು ನಿನ್ನ ಕುಡುಕರು?"

"ಮಸೂತಿ ಬಾಗಿಲ ಕಾಯಾಕತ್ತಾರ್ರಿ."

ಮತ್ತೆ ಚೇಷ್ಟೆಯೇ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಬಾಂಗ್ ಕೇಳಿಸಿತು. ಮೊದಲು ಮುದುಕನ ಧ್ವನಿ ಒಡೆಯಿತು, ಒಮ್ಮೆ ನಿಂತೂ ಹೋಯಿತು. ಶೇವಂತಾಬಾಯಿ ಓಣಿಯತ್ತ ಎರಡು ಹೆಜ್ಜೆ ಇಟ್ಟಳು. ಮತ್ತೆ ಶುರುವಾದ ಧ್ವನಿ ಈ ಸಲ ಕೊನೆಯವರೆಗೂ ನಿಲ್ಲಲಿಲ್ಲ.